ಹಳೆಯ ಕಟ್ಟಡಕ್ಕೆ ಯಾವ ಪರೀಕ್ಷೆ? ಮುಂಬೈ ಸೊಸೈಟಿಗಳಿಗೆ ಅಲ್ಟ್ರಾಸಾನಿಕ್ ಆಯ್ಕೆಗಳ ಹೋಲಿಕೆ

ಮುಂಬೈಯಲ್ಲಿ ಕಟ್ಟಡಕ್ಕೆ 30 ವರ್ಷ ತುಂಬಿದರೆ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡದ ಗಟ್ಟಿತನದ ತಪಾಸಣೆ, ತಪ್ಪಿದ್ದಲ್ಲ. ಮಹಾನಗರಪಾಲಿಕೆ ಕಾಯಿದೆಯ 353ಬಿ ಕಲಂ ಅದನ್ನು ಕಡ್ಡಾಯ ಮಾಡಿದೆ. ಸಹಕಾರಿ ಗೃಹನಿರ್ಮಾಣ ಸಂಘಗಳ ಮಾದರಿ ಉಪನಿಯಮಗಳು ಅದಕ್ಕೂ ಮುಂಚೆಯೇ ಎಚ್ಚರಿಸುತ್ತವೆ: 15ರಿಂದ 30 ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, ಅದಕ್ಕೂ ಹಳೆಯದಾದರೆ ಮೂರು ವರ್ಷಕ್ಕೊಮ್ಮೆ ಆಡಿಟ್ ಆಗಬೇಕು.

ಕಮಿಟಿಯಲ್ಲಿ ಹೋಟೆಲಿನ ಶೆಟ್ಟರಿರುತ್ತಾರೆ, ಬ್ಯಾಂಕಿನಿಂದ ನಿವೃತ್ತರಾದ ರಾಯರಿರುತ್ತಾರೆ. ಲೆಕ್ಕದಲ್ಲಿ ಇಬ್ಬರೂ ಗಟ್ಟಿಗರು. ಆದರೆ ಪರೀಕ್ಷೆ ಮಾಡುವವರಿಂದ ಮೂರು ಕೊಟೇಶನ್ ಬಂದಾಗ ಇಬ್ಬರ ಕಣ್ಣೂ ಮೊದಲು ಹೋಗುವುದು ಕೊನೆಯ ಸಾಲಿನ ಮೊತ್ತಕ್ಕೆ. ಒಬ್ಬ ರೀಬೌಂಡ್ ಹ್ಯಾಮರ್ ಮಾತ್ರ ಬರೆದಿರುತ್ತಾನೆ. ಇನ್ನೊಬ್ಬ ಅದರ ಜೊತೆಗೆ ಯುಪಿವಿ ಸೇರಿಸಿರುತ್ತಾನೆ. ಮೂರನೆಯವನ ಪಟ್ಟಿಯಲ್ಲಿ ಹಾಫ್‌ಸೆಲ್, ಕಾರ್ಬೊನೇಶನ್, ಕೋರ್ ಎಲ್ಲವೂ ಇರುತ್ತವೆ. ಅಗ್ಗದ್ದನ್ನು ಆರಿಸಿದರೂ ಮೋಸ ಹೋಗಬಹುದು, ಉದ್ದನೆಯ ಪಟ್ಟಿಯನ್ನು ಆರಿಸಿದರೂ ಮೋಸ ಹೋಗಬಹುದು.

ಯುಪಿವಿ ಎಂದರೆ ಅಲ್ಟ್ರಾಸಾನಿಕ್ ಪಲ್ಸ್ ವೆಲಾಸಿಟಿ. ಕಿವಿಗೆ ಕೇಳದ ಧ್ವನಿಯ ಒಂದು ಮಿಡಿತವನ್ನು ಕಾಲಂನ ಒಂದು ಮುಖದಿಂದ ಒಳಗೆ ಬಿಟ್ಟು, ಎದುರು ಮುಖ ತಲುಪಲು ಅದಕ್ಕೆ ಎಷ್ಟು ಹೊತ್ತು ಬೇಕಾಯಿತು ಎಂದು ಅಳೆಯುವ ಪರೀಕ್ಷೆ. ಒಡೆಯದೆ, ಕೊರೆಯದೆ ಕಾಂಕ್ರೀಟಿನ ಒಳಗನ್ನು ತಿಳಿಯಲು ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಆದರೆ 'ಹಾನಿಯನ್ನು ಆರಂಭದಲ್ಲೇ ಪತ್ತೆ ಹಚ್ಚುತ್ತದೆ' ಎಂದು ಕರಪತ್ರಗಳಲ್ಲಿ ಅಚ್ಚು ಹಾಕಿಸುವ ಮಾತು ಒಂದೇ ಸಲದ ಅಳತೆಗೆ ಅನ್ವಯಿಸುವುದಿಲ್ಲ. ಅದೇ ಜಾಗದಲ್ಲಿ, ಅದೇ ಋತುವಿನಲ್ಲಿ ಮತ್ತೆ ಮತ್ತೆ ಅಳೆದಾಗ ಮಾತ್ರ ಆರಂಭದ ಹಾನಿ ಸಿಕ್ಕಿಬೀಳುತ್ತದೆ. ಕೊಟೇಶನ್‌ಗಳನ್ನು ಹೋಲಿಸುವಾಗ ಇದೊಂದು ತಲೆಯಲ್ಲಿದ್ದರೆ ಅರ್ಧ ಗೊಂದಲ ಕಳೆಯುತ್ತದೆ.

ಯಾವ ಹಾನಿಯ ಭಯ?

ಪರೀಕ್ಷೆಯನ್ನು ಆರಿಸುವ ಮೊದಲು ಕಟ್ಟಡದಲ್ಲಿ ಏನು ಕೆಟ್ಟಿರಬಹುದು ಎಂದು ಯೋಚಿಸಬೇಕು. ಕಾಂಕ್ರೀಟೇ ಕಳಪೆಯಾಗಿರಬಹುದು: ಹಾಕುವಾಗ ಸರಿಯಾಗಿ ಕುಟ್ಟದೆ ಜಲ್ಲಿಯ ನಡುವೆ ಪೊಳ್ಳು ಉಳಿದಿರಬಹುದು, ಸಿಮೆಂಟು ಕಡಿಮೆ ಬಿದ್ದಿರಬಹುದು. ಕಾಂಕ್ರೀಟು ಚೆನ್ನಾಗಿದ್ದೂ ಒಳಗಿನ ಕಂಬಿಗೆ ತುಕ್ಕು ಹಿಡಿದಿರಬಹುದು. ಅಥವಾ ಗೋಡೆ ಕೆಡವಿದ್ದರಿಂದಲೋ ಟೆರೇಸಿನ ಮೇಲೆ ಮೊಬೈಲ್ ಟವರ್ ಹೊತ್ತದ್ದರಿಂದಲೋ ಬೀಮಿನಲ್ಲಿ ಬಿರುಕು ಬಿಟ್ಟಿರಬಹುದು. ಒಂದೇ ಪರೀಕ್ಷೆ ಈ ಮೂರನ್ನೂ ಹೇಳುವುದಿಲ್ಲ.

ಮುಂಬೈಯ ಕಟ್ಟಡಗಳಲ್ಲಿ ಹೆಚ್ಚಿನದು ಎರಡನೆಯದು. ಸಮುದ್ರದ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಮೇಲಿನ ಮನೆಯ ಬಚ್ಚಲಿನ ಸೋರಿಕೆ ಮೂರೂ ಸೇರಿ ಕಂಬಿಯನ್ನು ತಿನ್ನುತ್ತವೆ. ನೆಲಮಹಡಿಯಲ್ಲಿ ನಮ್ಮವರ ಹೋಟೆಲಿದ್ದರೆ ಅಡುಗೆಮನೆಯ ಮೇಲಿನ ಸ್ಲ್ಯಾಬನ್ನು ಪ್ರತ್ಯೇಕವಾಗಿಯೇ ನೋಡಬೇಕು. ದಿನವಿಡೀ ಇಡ್ಲಿಯ ಹಬೆ ಕೆಳಗಿನಿಂದ, ಬಚ್ಚಲಿನ ನೀರು ಮೇಲಿನಿಂದ. ಆ ಸ್ಲ್ಯಾಬಿಗೆ ಬಿಡುವೇ ಇಲ್ಲ. ಫಾಲ್ಸ್ ಸೀಲಿಂಗ್ ಹಾಕಿಸಿದ್ದರೆ ಅದನ್ನು ಬಿಚ್ಚಿಸದೆ ಮಾಡಿದ ಆಡಿಟ್ ಆಡಿಟ್ಟೇ ಅಲ್ಲ.

ಯಾವ ಯಂತ್ರಕ್ಕೂ ಮುಂಚೆ ಕಣ್ಣು ಮತ್ತು ಸಣ್ಣ ಸುತ್ತಿಗೆಯ ಕೆಲಸವಿದೆ. ಅನುಭವಿ ಎಂಜಿನಿಯರ್ ಹಲಸಿನಹಣ್ಣು ತಟ್ಟಿ ನೋಡಿದ ಹಾಗೆ ಛಜ್ಜಾ, ಬೀಮು, ಸ್ಲ್ಯಾಬಿನ ತಳವನ್ನು ತಟ್ಟುತ್ತಾ ಹೋಗುತ್ತಾನೆ. ಹೊರಪದರ ಬಿಟ್ಟುಕೊಂಡ ಕಡೆ ಸದ್ದು ಟೊಳ್ಳಾಗುತ್ತದೆ. ಯಂತ್ರ ಇಡಬೇಕಾದ ಜಾಗ ನಿರ್ಧಾರವಾಗುವುದು ಹೀಗೆ. ಆದರೆ ಇಷ್ಟಕ್ಕೇ ನಿಲ್ಲಿಸುವುದು ಅಪಾಯ. 2019ರ ಮಾರ್ಚ್ 14ರಂದು ಸಿಎಸ್‌ಎಂಟಿ ರೈಲು ನಿಲ್ದಾಣದ ಪಕ್ಕದ ಹಿಮಾಲಯ ಪಾದಚಾರಿ ಸೇತುವೆ ಕುಸಿಯುವ ಮೊದಲು ಅದರ ಆಡಿಟ್ ಆಗಿತ್ತು. ಬಳಕೆಗೆ ಯೋಗ್ಯ, ಸಣ್ಣಪುಟ್ಟ ರಿಪೇರಿ ಸಾಕು ಎಂಬ ವರದಿಯೂ ಬಂದಿತ್ತು.

ರೀಬೌಂಡ್ ಹ್ಯಾಮರ್ ಅಥವಾ ಯುಪಿವಿ?

ಎರಡೇ ಆಯ್ಕೆಯಿದ್ದರೆ ಯುಪಿವಿ. ಇದರಲ್ಲಿ ನನಗೆ ಅನುಮಾನವಿಲ್ಲ.

ಸ್ವಿಟ್ಜರ್ಲೆಂಡಿನ ಅರ್ನ್ಸ್ಟ್ ಶ್ಮಿಟ್ 1940ರ ದಶಕದ ಕೊನೆಯಲ್ಲಿ ರೂಪಿಸಿದ ರೀಬೌಂಡ್ ಹ್ಯಾಮರ್ ಕಾಂಕ್ರೀಟಿನ ಮೈಗೆ ಬಡಿದು ಎಷ್ಟು ಹಿಂದಕ್ಕೆ ಪುಟಿಯಿತು ಎಂದು ನೋಡುತ್ತದೆ. ಅಗ್ಗ, ಕೆಲಸವೂ ಬೇಗ ಮುಗಿಯುತ್ತದೆ. ಆದರೆ ಅದು ಹೇಳುವುದು ಮೇಲ್ಮೈಯ ಗಡಸುತನವನ್ನು. ಹಳೆಯ ಕಾಂಕ್ರೀಟು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮೇಲ್ಪದರದಲ್ಲಿ ಗಡಸಾಗುತ್ತದೆ. ಕಾರ್ಬೊನೇಶನ್ ಎನ್ನುವ ಅದೇ ಬದಲಾವಣೆ ಒಳಗಿನ ಕಂಬಿಯ ರಕ್ಷಣೆಯನ್ನು ಕಳೆಯುತ್ತದೆ. ಅಂದರೆ ಮುದಿ ಕಾಲಂ ಹ್ಯಾಮರಿನ ಮುಂದೆ ಹರೆಯದವನಂತೆ ಎದೆ ಸೆಟೆಸಿ ನಿಲ್ಲುತ್ತದೆ. ಹ್ಯಾಮರಿನಿಂದ ಅಂದಾಜಿಸಿದ ಬಲದಲ್ಲಿ ಶೇಕಡಾ 25ರಷ್ಟು ಆಚೀಚೆ ಆಗಬಹುದೆಂದು ಭಾರತೀಯ ಮಾನಕವೇ ಒಪ್ಪಿಕೊಂಡಿದೆ. ರೀಬೌಂಡ್ ಅಂಕಿಗಳಷ್ಟೇ ಇರುವ ವರದಿಯನ್ನು ನಂಬಿ 40 ವರ್ಷದ ಕಟ್ಟಡವನ್ನು ಗಟ್ಟಿ ಎಂದು ಹೇಳುವುದು ಸಲ್ಲದು.

ಯುಪಿವಿ ಹೇಳುವುದು ತರಂಗ ದಾಟಿಬಂದ ಇಡೀ ದಪ್ಪದ ಸ್ಥಿತಿಯನ್ನು. 1992ರ ಭಾರತೀಯ ಮಾನಕ ಐಎಸ್ 13311ರ ವರ್ಗೀಕರಣ ಇವತ್ತಿಗೂ ಎಲ್ಲರ ನಾಲಗೆಯ ಮೇಲಿದೆ: ಸೆಕೆಂಡಿಗೆ 4.5 ಕಿಲೋಮೀಟರ್‌ಗಿಂತ ಹೆಚ್ಚು ವೇಗವಿದ್ದರೆ ಉತ್ಕೃಷ್ಟ, 3.5ರಿಂದ 4.5 ಒಳ್ಳೆಯದು, 3ರಿಂದ 3.5 ಮಧ್ಯಮ, 3ಕ್ಕಿಂತ ಕಡಿಮೆಯಾದರೆ ಸಂಶಯಾಸ್ಪದ. 2018ರಲ್ಲಿ ಈ ಪರೀಕ್ಷೆ ಐಎಸ್ 516ರ ಐದನೆಯ ಭಾಗಕ್ಕೆ ಸೇರಿತು. ಆದ್ದರಿಂದ ವರದಿಯಲ್ಲಿ ಯಾವ ಮಾನಕದ ಪ್ರಕಾರ ವರ್ಗ ಕೊಟ್ಟಿದ್ದಾರೆ ಎಂದು ಕೇಳಿ. ವೇಗ ನೋಡಿ ಕಾಂಕ್ರೀಟಿನ ಬಲವನ್ನು ನೇರವಾಗಿ ಹೇಳಲು ಬರುವುದಿಲ್ಲ ಎಂಬುದೂ ನೆನಪಿರಲಿ. ಜಲ್ಲಿ, ಸಿಮೆಂಟಿನ ಪ್ರಮಾಣ, ತೇವ ಎಲ್ಲವೂ ವೇಗದಲ್ಲಿ ಸೇರಿಕೊಂಡಿರುತ್ತವೆ. ಯುಪಿವಿ ಚೆನ್ನಾಗಿ ಹೇಳುವುದು ಕಾಂಕ್ರೀಟು ಎಲ್ಲ ಕಡೆ ಒಂದೇ ಸಮನಾಗಿದೆಯೇ, ಎಲ್ಲಾದರೂ ಪೊಳ್ಳು ಇದೆಯೇ ಎಂಬುದನ್ನು.

ಇನ್ನು ಅಳೆಯುವ ರೀತಿ. ಯುಪಿವಿ ಇದೆ ಎಂದು ಬರೆದವರೆಲ್ಲ ಒಂದೇ ಕೆಲಸ ಮಾಡುವುದಿಲ್ಲ.

ತರಂಗವನ್ನು ಬಿಡುವ ಮತ್ತು ಹಿಡಿಯುವ ಎರಡು ಪ್ರೋಬುಗಳನ್ನು ಕಾಲಂನ ಎದುರುಬದುರು ಮುಖಗಳ ಮೇಲೆ ಇಟ್ಟರೆ ನೇರ ವಿಧಾನ. ಪಕ್ಕದ ಎರಡು ಮುಖಗಳ ಮೇಲೆ ಇಟ್ಟರೆ ಅರೆನೇರ. ಎರಡನ್ನೂ ಒಂದೇ ಮುಖದ ಮೇಲೆ ಇಟ್ಟರೆ ಪರೋಕ್ಷ. ನೇರ ವಿಧಾನವೇ ಹೆಚ್ಚು ವಿಶ್ವಾಸಾರ್ಹ. ಪರೋಕ್ಷದಲ್ಲಿ ತರಂಗ ಮೇಲ್ಪದರದಲ್ಲೇ ಸಾಗುವುದರಿಂದ ಬರುವ ಸಂಕೇತ ಕ್ಷೀಣ, ವೇಗವೂ ಸಾಮಾನ್ಯವಾಗಿ ಕಡಿಮೆ. ಸ್ಲ್ಯಾಬಿಗೆ ಬೇರೆ ದಾರಿ ಇಲ್ಲದಿರಬಹುದು. ಮೇಲೆ ಟೈಲ್ಸ್ ಹಾಕಿರುತ್ತಾರೆ. ಆದರೆ ನಾಲ್ಕೂ ಮುಖ ಕೈಗೆ ಸಿಗುವ ಕಾಲಂನಲ್ಲೂ ಪರೋಕ್ಷ ಅಳತೆ ಕಂಡರೆ, ಕೆಲಸ ಮಾಡಿದವರಿಗೆ ಅವಸರವಿತ್ತೆಂದೇ ಅರ್ಥ. ಎರಡೂ ವಿಧಾನದ ಅಂಕಿಗಳನ್ನು ಒಂದೇ ಕೋಷ್ಟಕದಲ್ಲಿ ಬೆರೆಸಿ ಸರಾಸರಿ ತೆಗೆದ ವರದಿಗಳೂ ಇವೆ. ಅಂಥದ್ದನ್ನು ಹಿಂದಕ್ಕೆ ಕಳಿಸಿ.

ಪ್ಲಾಸ್ಟರನ್ನು ತೆಗೆಯಲೇಬೇಕು. ಗಾರೆಯ ಮೇಲೇ ಗ್ರೀಸು ಹಚ್ಚಿ ಪ್ರೋಬು ಒತ್ತಿದರೆ, ಗಾರೆಗೂ ಕಾಂಕ್ರೀಟಿಗೂ ನಡುವೆ ಕೂದಲೆಳೆಯಷ್ಟು ಗಾಳಿಯಿದ್ದರೂ ತರಂಗ ಅಲ್ಲೇ ನಿಲ್ಲುತ್ತದೆ. ಗಾರೆಯ ದಪ್ಪವೂ ಸೇರಿಕೊಂಡು ಲೆಕ್ಕವೂ ತಪ್ಪುತ್ತದೆ. ಮುಂಬೈಯ ಹಳೆಯ ಕಟ್ಟಡಗಳಲ್ಲಿ 230 ಮಿಲಿಮೀಟರ್ ಅಗಲದ ಕಾಲಂಗಳು ಸಾಮಾನ್ಯ. ಸೆಕೆಂಡಿಗೆ 4 ಕಿಲೋಮೀಟರ್ ವೇಗದಲ್ಲಿ ತರಂಗ ಅದನ್ನು ದಾಟಲು ಸುಮಾರು 57 ಮೈಕ್ರೋಸೆಕೆಂಡ್ ಸಾಕು. ದಪ್ಪವನ್ನು 10 ಮಿಲಿಮೀಟರ್ ತಪ್ಪಾಗಿ ಅಳೆದರೂ ವೇಗದಲ್ಲಿ ಶೇಕಡಾ 4ಕ್ಕಿಂತ ಹೆಚ್ಚು ವ್ಯತ್ಯಾಸ, 3.4 ಇದ್ದದ್ದು 3.55 ಆಗಿ ವರ್ಗವೇ ಬದಲಾಗುತ್ತದೆ. ಪ್ಲಾಸ್ಟರ್ ಒಡೆಸಿ ಮತ್ತೆ ಹಚ್ಚಿಸುವ ಖರ್ಚನ್ನು ಅಗ್ಗದ ಕೊಟೇಶನ್ ಸೇರಿಸಿರುವುದೇ ಇಲ್ಲ. ಬೆಲೆಯ ಅಂತರದ ಗುಟ್ಟು ಎಷ್ಟೋ ಸಲ ಅದೇ.

ಒಳಗಿನ ಕಂಬಿಯೂ ದಾರಿ ತಪ್ಪಿಸುತ್ತದೆ. ಉಕ್ಕಿನಲ್ಲಿ ತರಂಗ ಕಾಂಕ್ರೀಟಿಗಿಂತ ವೇಗವಾಗಿ ಓಡುತ್ತದೆ. ಪ್ರೋಬಿನ ದಾರಿಗೆ ಸಮಾನಾಂತರವಾಗಿ ಕಂಬಿ ಇದ್ದರೆ ತರಂಗ ಅದರ ಮೂಲಕವೇ ನುಸುಳಿ ಬೇಗ ತಲುಪುತ್ತದೆ, ಕೆಟ್ಟ ಕಾಂಕ್ರೀಟಿಗೂ ಒಳ್ಳೆಯ ಅಂಕಿ ಸಿಗುತ್ತದೆ. ಮೊದಲು ಕಂಬಿ ಎಲ್ಲಿದೆ ಎಂದು ಕವರ್ ಮೀಟರಿನಿಂದ ಗುರುತಿಸಿಕೊಳ್ಳಬೇಕು.

ಮಳೆಯ ಮಾತನ್ನು ಮುಂಬೈಯಲ್ಲಿ ಬಿಡಲಾಗದು. ನೀರು ಕುಡಿದ ಕಾಂಕ್ರೀಟಿನಲ್ಲಿ ವೇಗ ಒಣಗಿದ್ದಕ್ಕಿಂತ ಶೇಕಡಾ 5ರವರೆಗೂ ಹೆಚ್ಚಾಗಬಹುದು. ಬಿರುಕಿನಲ್ಲಿ ಗಾಳಿಯಿದ್ದರೆ ತರಂಗ ಅದನ್ನು ಸುತ್ತಿಕೊಂಡು ಹೋಗಬೇಕಾಗಿ ತಡವಾಗುತ್ತದೆ. ನೀರು ತುಂಬಿದ್ದರೆ ಅದರ ಮೂಲಕವೇ ದಾಟಿಬಿಡುತ್ತದೆ, ಬಿರುಕು ಇಲ್ಲವೇ ಇಲ್ಲ ಎಂಬಂತೆ. ಮೇ ತಿಂಗಳಲ್ಲಿ 3.3 ತೋರಿಸಿದ ಬೀಮು ಆಗಸ್ಟಿನಲ್ಲಿ 3.5 ತೋರಿಸಿದರೆ ಅದು ಗುಣವಾಯಿತೆಂದಲ್ಲ. ಪರೀಕ್ಷೆಗೆ ಫೆಬ್ರವರಿಯಿಂದ ಮೇ ಒಳ್ಳೆಯ ಕಾಲ. ಪಾಲಿಕೆಯವರು ಮಳೆಗಾಲಕ್ಕೆ ಮುಂಚೆ ಅಪಾಯಕಾರಿ ಕಟ್ಟಡಗಳ ಪಟ್ಟಿ ಮಾಡುವುದರಿಂದ ದಿನಾಂಕವೂ ಹೊಂದುತ್ತದೆ.

ಯುಪಿವಿಗೆ ಇನ್ನೊಂದು ಮಿತಿಯಿದೆ. ಕಾಂಕ್ರೀಟಿಗೆ ಬಳಸುವ ಪ್ರೋಬು ಸಾಮಾನ್ಯವಾಗಿ 54 ಕಿಲೋಹರ್ಟ್ಜ್‌ನದು. 4 ಕಿಲೋಮೀಟರ್ ವೇಗದಲ್ಲಿ ಅದರ ತರಂಗಾಂತರ ಸುಮಾರು 74 ಮಿಲಿಮೀಟರ್. ಇಷ್ಟು ಉದ್ದದ ಅಲೆ ಕೂದಲಿನಂಥ ಸೂಕ್ಷ್ಮ ಬಿರುಕನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಹೆಚ್ಚಿನ ಆವರ್ತನ ಬಳಸೋಣವೆಂದರೆ ಜಲ್ಲಿ ಕಲ್ಲುಗಳೇ ಅಲೆಯನ್ನು ಚದುರಿಸಿ ನುಂಗಿಬಿಡುತ್ತವೆ.

ತುಕ್ಕಿಗೆ ಬೇರೆ ಪರೀಕ್ಷೆ

ಕಂಬಿ ತುಕ್ಕು ಹಿಡಿಯಲು ತೊಡಗಿದಾಗ ಯುಪಿವಿಗೆ ಏನೂ ಕಾಣುವುದಿಲ್ಲ. ತುಕ್ಕು ಮೂಲ ಉಕ್ಕಿಗಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ; ಅದು ಉಬ್ಬಿ, ಹೊರಪದರವನ್ನು ಒತ್ತಿ ಸೀಳಿದ ಮೇಲೆಯೇ ತರಂಗದ ವೇಗ ಇಳಿಯುವುದು. ಅಷ್ಟು ಹೊತ್ತಿಗೆ ಬರಿಗಣ್ಣಿಗೇ ಬಿರುಕು ಕಾಣತೊಡಗಿರುತ್ತದೆ.

ಆ ಮೊದಲ ಹಂತಕ್ಕೆ ಹಾಫ್‌ಸೆಲ್ ಪರೀಕ್ಷೆ ಬೇಕು. ಕಂಬಿಗೆ ಒಂದು ತಂತಿ ಜೋಡಿಸಿ, ಕಾಂಕ್ರೀಟಿನ ಮೇಲೆ ತಾಮ್ರ ಮತ್ತು ತಾಮ್ರದ ಸಲ್ಫೇಟಿನ ಎಲೆಕ್ಟ್ರೋಡ್ ಇಟ್ಟು ವಿದ್ಯುತ್ ವಿಭವ ಅಳೆಯುತ್ತಾರೆ. ಅಮೆರಿಕದ ಎಎಸ್‌ಟಿಎಂ ಸಿ876 ಮಾನಕದ ಪ್ರಕಾರ ಅಂಕಿ ಮೈನಸ್ 350 ಮಿಲಿವೋಲ್ಟಿಗಿಂತ ಕೆಳಗಿದ್ದರೆ ತುಕ್ಕು ನಡೆಯುತ್ತಿರುವ ಸಂಭವ ಶೇಕಡಾ 90ಕ್ಕಿಂತ ಹೆಚ್ಚು, ಮೈನಸ್ 200ಕ್ಕಿಂತ ಮೇಲಿದ್ದರೆ ತುಕ್ಕು ಇಲ್ಲದಿರುವ ಸಂಭವ ಅಷ್ಟೇ ಹೆಚ್ಚು, ನಡುವಿನದು ಅನಿಶ್ಚಿತ. ಕಾರ್ಬೊನೇಶನ್ ಪರೀಕ್ಷೆ ಇನ್ನೂ ಸುಲಭ: ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಫಿನಾಲ್ಫ್ತಲೀನ್ ಸಿಂಪಡಿಸಿದರೆ ಆರೋಗ್ಯವಂತ ಭಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಕ್ಷಾರ ಕಳೆದುಕೊಂಡದ್ದು ಬಣ್ಣವಿಲ್ಲದೆ ಉಳಿಯುತ್ತದೆ. ಬಣ್ಣ ಬಾರದ ಪದರ ಕಂಬಿಯವರೆಗೆ ತಲುಪಿದ್ದರೆ ಯುಪಿವಿ 4.2 ಬಂದಿದ್ದರೂ ನಿಶ್ಚಿಂತೆಯಿಂದ ಇರುವಂತಿಲ್ಲ.

ಹಾಗಾಗಿ ಹಣ ಸೀಮಿತವಾಗಿದ್ದರೆ ನಾನು ಹೇಳುವ ಜೋಡಿ: ಎಲ್ಲ ಮುಖ್ಯ ಕಾಲಂಗಳಿಗೆ ನೇರ ಯುಪಿವಿ, ಸೋರಿಕೆಯಿರುವ ಮತ್ತು ಸಮುದ್ರದ ಕಡೆಗೆ ಮುಖ ಮಾಡಿದ ಭಾಗಗಳಿಗೆ ಹಾಫ್‌ಸೆಲ್, ಜೊತೆಗೆ ಕಾರ್ಬೊನೇಶನ್. ರೀಬೌಂಡನ್ನು ಬಿಟ್ಟರೂ ದೊಡ್ಡ ನಷ್ಟವಿಲ್ಲ. ಕೋರ್, ಅಂದರೆ ಕೊರೆದು ಕಾಂಕ್ರೀಟಿನ ತುಂಡನ್ನೇ ತೆಗೆಯುವುದು ಕಟ್ಟಡಕ್ಕೆ ಗಾಯ ಮಾಡುವ ಕೆಲಸ, ಆದರೆ ಬಲದ ಬಗ್ಗೆ ನೇರವಾಗಿ ಹೇಳುವುದು ಅದೊಂದೇ. ಯುಪಿವಿ ಅತಿ ಕಡಿಮೆ ಬಂದಲ್ಲಿ ಒಂದೆರಡು, ಚೆನ್ನಾಗಿ ಬಂದಲ್ಲಿ ಒಂದು ತೆಗೆಸಿದರೆ ಉಳಿದ ಯುಪಿವಿ ಅಂಕಿಗಳಿಗೂ ಅರ್ಥ ಬರುತ್ತದೆ.

ಹೊಸ ಸಲಕರಣೆಗಳ ಆಸೆ

ಈಚೆಗೆ ಕೆಲವು ಕೊಟೇಶನ್‌ಗಳಲ್ಲಿ ಪಲ್ಸ್ ಎಕೋ ಟೋಮೋಗ್ರಫಿ ಕಾಣಿಸಿಕೊಳ್ಳುತ್ತದೆ. ಹತ್ತಾರು ಸಣ್ಣ ಪ್ರೋಬುಗಳ ಸಾಲನ್ನು ಒಂದೇ ಮುಖದ ಮೇಲೆ ಗ್ರೀಸಿಲ್ಲದೆ ಒತ್ತಿದರೆ ಒಳಗಿನ ಪ್ರತಿಧ್ವನಿಗಳಿಂದ ಅಡ್ಡಸೀಳಿನ ಚಿತ್ರ ಬರುತ್ತದೆ. ಎದುರು ಮುಖ ಸಿಗದ ಬೇಸ್‌ಮೆಂಟ್ ಗೋಡೆ, ದಪ್ಪನೆಯ ರಾಫ್ಟ್ ಅಡಿಪಾಯ, ಸೇತುವೆಯ ಗರ್ಡರುಗಳಿಗೆ ಇದು ಬಹಳ ಉಪಯುಕ್ತ. ನಾಲ್ಕು ಅಂತಸ್ತಿನ ಹಳೆಯ ಸೊಸೈಟಿಗೆ ಸಾಮಾನ್ಯವಾಗಿ ಬೇಡ.

ನಿಜವಾದ ಅರ್ಥದಲ್ಲಿ 'ಆರಂಭ'ವನ್ನು ಹಿಡಿಯುವ ವಿಧಾನಗಳು ಎರಡು. ಮೊದಲನೆಯದು ಕೋಡಾ ತರಂಗಗಳದು. ಮಿಡಿತ ಮೊದಲು ತಲುಪಿದ ಮೇಲೂ ಜಲ್ಲಿಗಳಿಗೆ ಬಡಿದು ಬಡಿದು ಅಲೆದಾಡಿದ ಅಲೆಗಳು ತಡವಾಗಿ ಬರುತ್ತಲೇ ಇರುತ್ತವೆ. ಸಾಮಾನ್ಯ ಯುಪಿವಿ ಈ ಬಾಲವನ್ನು ಎಸೆದುಬಿಡುತ್ತದೆ. ಆದರೆ ಆ ಅಲೆಗಳು ಅದೇ ಕಾಂಕ್ರೀಟಿನಲ್ಲಿ ಬಹಳ ದೂರ ಸುತ್ತಿರುವುದರಿಂದ ಒಳಗಿನ ಅತಿ ಸಣ್ಣ ಬದಲಾವಣೆಯೂ ಅವುಗಳಲ್ಲಿ ಕೂಡಿಕೊಂಡು ದೊಡ್ಡದಾಗಿ ಕಾಣುತ್ತದೆ. ಲಕ್ಷಕ್ಕೆ ಎರಡು ಪಾಲಿನಷ್ಟು ವೇಗದ ವ್ಯತ್ಯಾಸವನ್ನೂ ಪ್ರಯೋಗಾಲಯದಲ್ಲಿ ಹಿಡಿದಿದ್ದಾರೆ. ತೊಂದರೆಯೂ ಅಲ್ಲೇ ಇದೆ: ಮಧ್ಯಾಹ್ನದ ಬಿಸಿಲಿಗೂ ವೇಗ ಬದಲಾಗುತ್ತದೆ, ಆದ್ದರಿಂದ ಪ್ರೋಬುಗಳನ್ನು ಖಾಯಂ ಆಗಿ ಅಂಟಿಸಿ, ಉಷ್ಣತೆಯನ್ನೂ ದಾಖಲಿಸುತ್ತಾ ಇರಬೇಕು.

ಎರಡನೆಯದು ಅರೇಖೀಯ ಅಲ್ಟ್ರಾಸಾನಿಕ್. ಒಂದು ಆವರ್ತನದ ಅಲೆ ಒಳಗೆ ಹೋದರೆ, ಸೂಕ್ಷ್ಮ ಬಿರುಕಿನ ಎರಡು ಬದಿಗಳು ಅದರ ತಾಳಕ್ಕೆ ಮುಚ್ಚಿ ತೆರೆದು ಎರಡರಷ್ಟು ಆವರ್ತನದ ಇನ್ನೊಂದು ಅಲೆಯನ್ನು ಹುಟ್ಟಿಸುತ್ತವೆ. ಲೋಹದಲ್ಲಂತೂ ಬಿರುಕು ಮೂಡುವ ಮೊದಲೇ, ದಣಿವಿನಿಂದ ಒಳರಚನೆ ಕೆಡುವ ಹಂತದಲ್ಲೇ ಈ ಸುಳಿವು ಸಿಗುತ್ತದೆ. ಆದರೆ ಯಂತ್ರದ ಆಂಪ್ಲಿಫೈಯರ್ ಕೂಡ ಇದೇ ಎರಡನೆಯ ಅಲೆಯನ್ನು ಹುಟ್ಟಿಸಬಲ್ಲದು. ಅದನ್ನು ಬೇರ್ಪಡಿಸಲು ತರಬೇತಾದ ಕೈ ಬೇಕು. ಸೊಸೈಟಿಯ ಆಡಿಟ್‌ಗೆ ಇವೆರಡನ್ನೂ ಮಾರಲು ಯಾರಾದರೂ ಬಂದರೆ ಚಹಾ ಕೊಟ್ಟು ಕಳಿಸಿ. ದೊಡ್ಡ ಸೇತುವೆ ಕಟ್ಟುವ ಇಲಾಖೆಯವರಾದರೆ ಕೂರಿಸಿ ಮಾತಾಡಿಸಬಹುದು.

ಸೊಸೈಟಿಗೆ ಬಡವರ ಕೋಡಾ ಒಂದಿದೆ. ನೇರ ಯುಪಿವಿ ಮಾಡಿದ ಪ್ರತಿ ಬಿಂದುವನ್ನೂ ಕಾಲಂನ ಮೇಲೆ ಖಾಯಂ ಗುರುತು ಮಾಡಿಸಿ, ನಕ್ಷೆಯಲ್ಲಿ ಎತ್ತರ ಸಮೇತ ಬರೆಸಿ, ಮೂರು ವರ್ಷದ ನಂತರ ಅದೇ ತಿಂಗಳಲ್ಲಿ ಅದೇ ಬಿಂದುಗಳಲ್ಲಿ ಅಳೆಸುವುದು. 3.9 ಒಳ್ಳೆಯ ಅಂಕಿಯೇ. ಆದರೆ ಹಿಂದಿನ ಸಲ ಅಲ್ಲಿ 4.2 ಇದ್ದು, ಪಕ್ಕದ ಕಾಲಂಗಳೆಲ್ಲ 4.2ರಲ್ಲೇ ನಿಂತಿದ್ದರೆ ಆ ಒಂದು ಕಾಲಂನಲ್ಲಿ ಏನೋ ನಡೆಯುತ್ತಿದೆ.

ಉಕ್ಕಿನ ಲೆಕ್ಕವೇ ಬೇರೆ

ಉಕ್ಕು ಒಂದೇ ಸಮನಾದ ವಸ್ತು, ಆದ್ದರಿಂದ 2ರಿಂದ 5 ಮೆಗಾಹರ್ಟ್ಜ್ ಬಳಸಬಹುದು. 5 ಮೆಗಾಹರ್ಟ್ಜ್‌ನಲ್ಲಿ ತರಂಗಾಂತರ 1.2 ಮಿಲಿಮೀಟರ್ ಮಾತ್ರ. ಅದರ ಅರ್ಧದಷ್ಟು ದೋಷವೂ ಪ್ರತಿಧ್ವನಿ ಕೊಡುತ್ತದೆ. ಲೋಕಲ್ ರೈಲಿನ ಹಳಿಗಳನ್ನು ಪರೀಕ್ಷಿಸುವುದು ಹೀಗೆಯೇ: ನೇರವಾಗಿ ಕೆಳಗೆ ಹೋಗುವ ಅಲೆ ಹಳಿಗೆ ಸಮಾನಾಂತರವಾದ ಬಿರುಕನ್ನು, 70 ಡಿಗ್ರಿ ಓರೆಯಾಗಿ ಹೋಗುವ ಅಲೆ ಅಡ್ಡ ಬಿರುಕನ್ನು ಹಿಡಿಯುತ್ತದೆ. ಉಕ್ಕಿನ ಶೆಡ್ಡು, ಪಾದಚಾರಿ ಸೇತುವೆಯ ಬೆಸುಗೆಗಳಿಗೆ ಮಾಮೂಲಿ ಪ್ರೋಬು ಸಾಕು. ದಪ್ಪ ಬೆಸುಗೆಯಾಗಿದ್ದು ಚಿತ್ರರೂಪದ ದಾಖಲೆಯೂ ಬೇಕಿದ್ದರೆ ಹಲವು ಸಣ್ಣ ಪ್ರೋಬುಗಳನ್ನು ಒಟ್ಟಿಗೆ ದುಡಿಸುವ ಫೇಸ್ಡ್ ಅರೇ. ಪೇಂಟು ಎದ್ದ ಕಡೆ ಕೆರೆದು ತಗಡಿನ ದಪ್ಪ ಅಳೆಯುವ ಸಣ್ಣ ಯಂತ್ರ ಎಲ್ಲಕ್ಕಿಂತ ಅಗ್ಗ, ತುಕ್ಕಿನ ಪ್ರಶ್ನೆಗೆ ಅದೇ ಮೊದಲ ಉತ್ತರ.

ಮಾಹುಲ್ ಕಡೆಯ ರಿಫೈನರಿಗಳಂಥ ಜಾಗದಲ್ಲಿ, ನಿರೋಧಕ ಹೊದಿಕೆಯ ಒಳಗಿನ ಕೊಳವೆಗಳಿಗೆ ಗೈಡೆಡ್ ವೇವ್ ಸೂಕ್ತ. ಒಂದು ಕಡೆ ಉಂಗುರ ತೊಡಿಸಿದರೆ ಅಲೆ ಕೊಳವೆಯ ಗೋಡೆಯುದ್ದಕ್ಕೂ ಹತ್ತಾರು ಮೀಟರ್ ಹೋಗಿ ಬರುತ್ತದೆ, ಎಲ್ಲ ಕಡೆ ಹೊದಿಕೆ ಬಿಚ್ಚಬೇಕಿಲ್ಲ. ಅದು ಅನುಮಾನದ ಜಾಗವನ್ನು ತೋರಿಸುತ್ತದೆ ಅಷ್ಟೆ. ಎಷ್ಟು ದಪ್ಪ ಉಳಿದಿದೆ ಎಂದು ಅಲ್ಲಿ ಬಿಚ್ಚಿ ಅಳೆಯಲೇಬೇಕು. ಅಕೌಸ್ಟಿಕ್ ಎಮಿಶನ್ ಅಲೆಯನ್ನು ಬಿಡುವುದೇ ಇಲ್ಲ, ಬಿರುಕು ಬೆಳೆಯುವಾಗಿನ ಸದ್ದಿಗೆ ಕಿವಿಗೊಟ್ಟು ಕೂರುತ್ತದೆ. ಭಾರ ಹೇರಿ ಪರೀಕ್ಷಿಸುವ ಟ್ಯಾಂಕು, ಸೇತುವೆಗಳಿಗೆ ಸರಿ. ಬೆಳೆಯದೆ ಸುಮ್ಮನಿರುವ ಬಿರುಕು ಅದಕ್ಕೆ ಗೊತ್ತಾಗುವುದಿಲ್ಲ.

ಬಿಂದು ಆರಿಸುವವರು ಯಾರು?

ಮುಂಬೈಯಲ್ಲಿ ಆಡಿಟ್ ಬರಿಯ ತಾಂತ್ರಿಕ ವಿಷಯವಲ್ಲ. ಪಾಲಿಕೆಯ ವರ್ಗೀಕರಣದಲ್ಲಿ ಸಿ1 ಎಂದರೆ ಖಾಲಿ ಮಾಡಿಸಿ ಕೆಡವಬೇಕಾದದ್ದು, ಸಿ2ಎ ಎಂದರೆ ಭಾಗಶಃ ಖಾಲಿ ಮಾಡಿಸಿ ದೊಡ್ಡ ರಿಪೇರಿ, ಸಿ2ಬಿ ಎಂದರೆ ಜನ ಇರುವಾಗಲೇ ರಿಪೇರಿ, ಸಿ3 ಎಂದರೆ ಸಣ್ಣ ರಿಪೇರಿ. ಪುನರಭಿವೃದ್ಧಿ ಬೇಕಾದ ಮಾಲೀಕ ತರಿಸಿದ ವರದಿ ಸಿ1 ಎನ್ನುತ್ತದೆ, ಬಾಡಿಗೆದಾರರು ತರಿಸಿದ್ದು ಸಿ2ಬಿ ಎನ್ನುತ್ತದೆ. ಜಗಳ ಪಾಲಿಕೆಯ ತಾಂತ್ರಿಕ ಸಲಹಾ ಸಮಿತಿಗೆ ಹೋಗುತ್ತದೆ. ಇಬ್ಬರ ಯಂತ್ರವೂ ಸುಳ್ಳು ಹೇಳಿರಬೇಕೆಂದಿಲ್ಲ. ಒಬ್ಬ ಸೋರುವ ಬಚ್ಚಲಿನ ಬೀಮುಗಳನ್ನೇ ಆರಿಸಿ ಪರೋಕ್ಷವಾಗಿ ಅಳೆದಿರುತ್ತಾನೆ, ಇನ್ನೊಬ್ಬ ಮೆಟ್ಟಿಲ ಬಳಿಯ ಒಣ ಕಾಲಂಗಳನ್ನು ಆರಿಸಿರುತ್ತಾನೆ. ಎರಡು ವರದಿ ಕೈಗೆ ಬಂದರೆ ತೀರ್ಮಾನದ ಪುಟ ಬಿಟ್ಟು, ಬಿಂದುಗಳ ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಕೆಲಸ ಒಪ್ಪಿಸುವ ಪತ್ರದಲ್ಲಿ ಇವಿಷ್ಟನ್ನು ಬರೆಸಿಕೊಳ್ಳಿ: ಬಿಂದುಗಳನ್ನು ಕಮಿಟಿಯ ಎದುರಿಗೇ ಆರಿಸಬೇಕು, ಪ್ರತಿ ಮಹಡಿಯಲ್ಲೂ ಇರಬೇಕು, ಪ್ಲಾಸ್ಟರ್ ತೆಗೆದೇ ಅಳೆಯಬೇಕು. ಪ್ರತಿ ಬಿಂದುವಿಗೂ ವಿಧಾನ, ದಪ್ಪ, ಮೈಕ್ರೋಸೆಕೆಂಡಿನಲ್ಲಿ ಸಮಯ, ಒದ್ದೆಯೋ ಒಣವೋ ಎಂಬ ಟಿಪ್ಪಣಿ ಇರಬೇಕು. ವೇಗವನ್ನಷ್ಟೇ ಕೊಟ್ಟರೆ ಸಾಲದು. ಯಂತ್ರದ ಜೊತೆ ಬರುವ, ತರಂಗ ದಾಟುವ ಸಮಯ ಮೊದಲೇ ಗೊತ್ತಿರುವ ಸರಳಿನಿಂದ ಆ ದಿನ ಬೆಳಿಗ್ಗೆ ಯಂತ್ರವನ್ನು ಸರಿನೋಡಿದ ಫೋಟೋ ಬೇಕು. ಮೂಲ ಅಂಕಿಗಳ ಕಡತ ಸೊಸೈಟಿಗೇ ಸೇರಬೇಕು, ಏಕೆಂದರೆ ಮೂರು ವರ್ಷದ ನಂತರ ಅಳೆಯುವವನು ಬೇರೆಯವನಾಗಿರಬಹುದು, ಕಾರ್ಯದರ್ಶಿಯೂ ಬೇರೆಯವರಾಗಿರಬಹುದು. ಈ ಷರತ್ತುಗಳನ್ನು ಓದಿದ ಮೇಲೂ ಮೊದಲಿನ ದರದಲ್ಲೇ ಒಪ್ಪಿಕೊಂಡವನಿಗೆ ಕೆಲಸ ಕೊಡಿ; ದರ ಎರಡು ಪಟ್ಟು ಏರಿಸಿದವನನ್ನು, ಮೊದಲು ಏನು ಮಾಡಲು ಹೊರಟಿದ್ದಿರಿ ಎಂದು ಕೇಳಿ.